ದೋಣಿಯಲ್ಲಿ ಒಂಟಿ, ನೀರಿನಲ್ಲಿ ಜಂಟಿ

ಕ್ಯಾತ್ಸಂದ್ರದವರಿಗೆ ಸಮುದ್ರ ದೂರದ ನೆಂಟ. ಊರಿನ ಒಂದು ಮಗ್ಗುಲಿಗೆ ಸಿದ್ಧಗಂಗೆಯ ಬೆಟ್ಟ, ಇನ್ನೊಂದು ಮಗ್ಗುಲಿಗೆ ಹಗಲಿರುಳೂ ಲಾರಿ ಓಡುವ ಹೆದ್ದಾರಿ, ನಡುವೆ ತಟ್ಟೆ ಇಡ್ಲಿಯ ಹಬೆ. ನೀರು ಎಂದರೆ ಇಲ್ಲಿನವರಿಗೆ ಕೆರೆ, ಬಾವಿ, ತೋಟದ ತೊಟ್ಟಿ. ಈಜು ಬಲ್ಲವರು ಅದನ್ನು ಕಲಿತದ್ದೂ ಅಲ್ಲಿಯೇ. ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಲಾರಿಯ ಟ್ಯೂಬನ್ನೋ ಕಟ್ಟಿಕೊಂಡು ನೀರಿಗೆ ಬಿದ್ದರೆ ದಂಡೆಯ ಮೇಲೆ ಮಾವನೋ ಅಣ್ಣನೋ ನಿಂತು ಕೂಗುತ್ತಿರಬೇಕು. 'ಒಬ್ಬನೇ ಬಾವಿಗೆ ಇಳಿಯಬೇಡ' ಎಂಬುದು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ತಾಯಂದಿರೆಲ್ಲ ಮಕ್ಕಳಿಗೆ ಹೇಳುತ್ತ ಬಂದಿರುವ ಮಾತು.

ಆದರೂ ಕಡಲಿಗೆ ಒಂದು ದಾರಿ ಇಲ್ಲಿಂದಲೇ ಹೊರಡುತ್ತದೆ. ತುಮಕೂರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಶಿವಮೊಗ್ಗ, ಸಾಗರ ಮುಟ್ಟಿ, ಘಟ್ಟ ಇಳಿದು ಹೊನ್ನಾವರ ಸೇರುವ ರಸ್ತೆಗೆ ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಎಂದು ಹೆಸರಿತ್ತು. ಹೆದ್ದಾರಿಗಳಿಗೆಲ್ಲ ಹೊಸ ಅಂಕಿ ಬಂದಾಗ ಆ ಹೆಸರು ಹೋಯಿತು, ರಸ್ತೆ ಉಳಿಯಿತು. ಸುಮಾರು 360 ಕಿಲೋಮೀಟರ್ ಉದ್ದದ ಈ ದಾರಿ ಮುಗಿದಲ್ಲಿ ಎಡಕ್ಕೆ ತಿರುಗಿ ಕರಾವಳಿಯ ಹೆದ್ದಾರಿ ಹಿಡಿದರೆ ಮುರುಡೇಶ್ವರ ಹತ್ತಿರ. ಮುರುಡೇಶ್ವರದಿಂದ ಕಡಲೊಳಗೆ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ. ಇಂಗ್ಲಿಷ್ ನಕ್ಷೆಗಳಲ್ಲಿ ಪಿಜನ್ ಐಲ್ಯಾಂಡ್ ಎಂದೂ ಕಾಣುವ, ಕನ್ನಡದಲ್ಲಿ ಪಾರಿವಾಳದ ದ್ವೀಪ ಎನ್ನಿಸಿಕೊಂಡಿರುವ ಪುಟ್ಟ ಬಂಡೆಗಾಡು ದ್ವೀಪ. ಅದರ ಸುತ್ತಲಿನ ನೀರಿನಲ್ಲಿ ಹವಳವಿದೆ, ಬಣ್ಣಬಣ್ಣದ ಮೀನುಗಳಿವೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಅಕ್ಟೋಬರಿನ ಆಸುಪಾಸಿನಿಂದ ಮೇ ತನಕ, ಸ್ಕೂಬಾ ದೋಣಿಗಳು ಅಲ್ಲಿಗೆ ಹೊರಡುತ್ತವೆ. ಶುಕ್ರವಾರದ ರಾತ್ರಿ ಬಸ್ಸು ಹಿಡಿದು ಶನಿವಾರ ಬೆಳಿಗ್ಗೆ ಆ ದೋಣಿ ಹತ್ತುವವರಲ್ಲಿ ಬಯಲುಸೀಮೆಯವರೇನು ಕಡಿಮೆಯಿಲ್ಲ.

ಹೀಗೆ ಹತ್ತುವವರಲ್ಲಿ ಎರಡು ಬಗೆ. ಮೊದಲನೆಯವರು ಏನೂ ಕಲಿಯದೆ ಒಂದು ಸಲ ನೀರಿನಡಿಯ ಲೋಕ ನೋಡಿಬರಲು ಬಂದವರು. ಇವರ ಸಿಲಿಂಡರನ್ನು ತರಬೇತುದಾರ ಹಿಡಿದುಕೊಂಡೇ ಇರುತ್ತಾನೆ, ಗುಂಡಿ ಒತ್ತುವವನೂ ಅವನೇ. ಇಂಥ ಪರಿಚಯದ ಮುಳುಗಿಗೆ 12 ಮೀಟರ್ ಮಿತಿ. ಇಲ್ಲಿ ಪ್ರವಾಸಿ ಒಂಟಿಯಾಗಿ ಬಂದರೂ ನೀರಿನಲ್ಲಿ ಒಂಟಿಯಲ್ಲ. ಎರಡನೆಯವರು ಶಿಬಿರಕ್ಕೆ ಹೋಗಿ, ಈಜುಕೊಳದಲ್ಲಿ ಅಭ್ಯಾಸ ಮಾಡಿ, ಕಡಲಿನಲ್ಲಿ ನಾಲ್ಕು ಸಲ ಮುಳುಗಿ, 'ಓಪನ್ ವಾಟರ್' ಎಂಬ ಮೊದಲ ಮೆಟ್ಟಿಲಿನ ಕಾರ್ಡು ಪಡೆದವರು. ಇವರಿಗೆ 18 ಮೀಟರ್ ತನಕ, ಅಂದರೆ ನಮ್ಮ ಕಡೆಯ ಅರವತ್ತು ಅಡಿ ಬಾವಿಯಷ್ಟು ಆಳಕ್ಕೆ ಹೋಗುವ ಅರ್ಹತೆ ಉಂಟು. ಅವರ ಸಿಲಿಂಡರನ್ನು ಈಗ ಯಾರೂ ಹಿಡಿದುಕೊಳ್ಳುವುದಿಲ್ಲ. ತೊಡಕು ಶುರುವಾಗುವುದು ಇಲ್ಲಿ. ಕಾರ್ಡು ಇದೆ, ಉತ್ಸಾಹ ಇದೆ, ರಜೆ ಸಿಕ್ಕಿದೆ. ಆದರೆ ಜೊತೆಗೆ ಬರುವವರಿಲ್ಲ. ಗೆಳೆಯರಿಗೆ ಕಡಲು ಎಂದರೆ ಭಯ, ಮನೆಯವರಿಗೆ ಹೇಳುವ ಧೈರ್ಯವಿಲ್ಲ. ಸರಿ, ಒಬ್ಬರೇ ಹೊರಟರು ಎನ್ನೋಣ. ಹೋಗಬಹುದೆ?

ಹೋಗಬಹುದು. ಲೋಕದ ಎಲ್ಲ ಕಡೆಯ ಸ್ಕೂಬಾ ದೋಣಿಗಳಿಗೂ ಒಂಟಿಯಾಗಿ ಬರುವವರು ಹೊಸಬರೇನಲ್ಲ. ಆದರೆ ದೋಣಿಗೆ ಒಂಟಿಯಾಗಿ ಬಂದರೂ ನೀರಿಗೆ ಒಂಟಿಯಾಗಿ ಇಳಿಯುವಂತಿಲ್ಲ ಎಂಬುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ ಬೇಕು. ಇಂಗ್ಲಿಷಿನಲ್ಲಿ ಅವನನ್ನು 'ಬಡ್ಡಿ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಸಾಲದ ಬಡ್ಡಿಯಂತೆ ಕೇಳುವುದರಿಂದ ಜೊತೆಗಾರ ಎಂದೇ ಕರೆಯುವುದು ಲೇಸು.

ವಿನೋದವೆಂದರೆ ಸ್ಕೂಬಾ ಎಂಬ ಹೆಸರೇ ಇದಕ್ಕೆ ವಿರುದ್ಧವಾದದ್ದು. ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಆದ ಆ ಹೆಸರನ್ನು ಕನ್ನಡಕ್ಕೆ ತಂದರೆ 'ನೀರಿನಡಿಯ ಸ್ವಯಂಪೂರ್ಣ ಉಸಿರಾಟ ಸಾಧನ' ಎಂದಾಗುತ್ತದೆ. ಹಿಂದಿನ ಕಾಲದ ಮುಳುಗುಗಾರ ಲೋಹದ ಶಿರಸ್ತ್ರಾಣ ಹಾಕಿಕೊಂಡು ಇಳಿಯುತ್ತಿದ್ದ. ಮೇಲಿನ ದೋಣಿಯಿಂದ ಪಂಪು ಹೊಡೆದು ಕೊಳವೆಯಲ್ಲಿ ಅವನಿಗೆ ಗಾಳಿ ಕಳುಹಿಸುತ್ತಿದ್ದರು. ಹಗ್ಗ ಹಿಡಿದು ಕೂತ ಒಬ್ಬ ಅವನ ಮೇಲೆಯೇ ಗಮನ ಇಟ್ಟಿರುತ್ತಿದ್ದ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ 'ಆಕ್ವಾ ಲಂಗ್' ಎಂಬ ಸಾಧನ ರೂಪಿಸಿದರು. ಉಸಿರೆಳೆದಾಗ ಮಾತ್ರ, ಆ ಆಳಕ್ಕೆ ತಕ್ಕ ಒತ್ತಡದಲ್ಲಿ, ಬೆನ್ನ ಮೇಲಿನ ಸಿಲಿಂಡರಿನಿಂದ ಗಾಳಿ ಬರುವಂತಾಯಿತು. ಕೊಳವೆಯ ಕಟ್ಟು ಬಿಟ್ಟುಹೋಯಿತು, ಮನುಷ್ಯ ಮೀನಿನಂತೆ ಓಡಾಡಿದ. ಆದರೆ ಕೊಳವೆಯೊಂದಿಗೆ ಅದರ ಇನ್ನೊಂದು ತುದಿಯಲ್ಲಿ ಕೂತು ಕಾಯುತ್ತಿದ್ದವನೂ ಹೋದ. ಅವನ ಜಾಗವನ್ನು ತುಂಬಲು ಬಂದವನೇ ಈ ಜೊತೆಗಾರ.

ಜೊತೆಗಾರ ಯಾಕೆ ಬೇಕು ಎಂಬುದನ್ನು ಗಾಳಿಯ ಲೆಕ್ಕ ಚೆನ್ನಾಗಿ ಹೇಳುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 2200 ಲೀಟರ್ ಗಾಳಿ ತುಂಬಿರುತ್ತದೆ. ನೆಲದ ಮೇಲೆ ನಿಮಿಷಕ್ಕೆ 20 ಲೀಟರ್ ಬಳಸುವವನಿಗೆ 10 ಮೀಟರ್ ಆಳದಲ್ಲಿ 40 ಲೀಟರ್ ಬೇಕು, ಯಾಕೆಂದರೆ ಅಲ್ಲಿನ ಒತ್ತಡ ಎರಡರಷ್ಟು. 18 ಮೀಟರಿನಲ್ಲಿ 56 ಲೀಟರ್. ಹೊಸಬನ ಉಸಿರು ಶಾಂತವಾಗಿರುವುದೂ ಇಲ್ಲ. ಕನ್ನಡಕದೊಳಗೆ ಒಂದಿಷ್ಟು ನೀರು ನುಗ್ಗಿದರೆ ಸಾಕು, ಉಸಿರು ಎರಡು ಪಾಲಾಗುತ್ತದೆ. ಮುಕ್ಕಾಲು ಗಂಟೆಗೆ ಆದೀತು ಎಂದುಕೊಂಡ ಗಾಳಿ ಇಪ್ಪತ್ತು ನಿಮಿಷಕ್ಕೇ ತಳ ಕಾಣಬಹುದು. ಆಗ ಪಕ್ಕದವನ ಸಿಲಿಂಡರಿನಿಂದ ಹೊರಟ ಇನ್ನೊಂದು ಬಾಯಿಕೊಳವೆ ನೆರವಿಗೆ ಬರುತ್ತದೆ. ಎದ್ದುಕಾಣಲೆಂದು ಅದಕ್ಕೆ ಸಾಮಾನ್ಯವಾಗಿ ಹಳದಿ ಬಣ್ಣ. ಪ್ರತಿಯೊಬ್ಬನೂ ಅದನ್ನು ಎದೆಯ ಮೇಲೆ ಹೊತ್ತು ಇಳಿಯುವುದು ತನಗಾಗಿ ಅಲ್ಲ, ಜೊತೆಯವನಿಗಾಗಿ.

ಬಾವಿಯಲ್ಲಿ ಈಜು ಕಲಿತವರಿಗೆ ಇಲ್ಲಿ ಇನ್ನೊಂದು ಅಪಾಯವಿದೆ. ಬಾವಿಗೆ ಹಾರುವಾಗ ಉಸಿರು ಬಿಗಿಹಿಡಿಯುವುದು ಅವರಿಗೆ ಮೈಗೂಡಿದ ಅಭ್ಯಾಸ. ಸ್ಕೂಬಾದಲ್ಲಿ ಅದು ಎಲ್ಲಕ್ಕಿಂತ ದೊಡ್ಡ ತಪ್ಪು. 10 ಮೀಟರ್ ಆಳದಲ್ಲಿ ತುಂಬಿಕೊಂಡ ಉಸಿರನ್ನು ಹಾಗೆಯೇ ಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯಬಹುದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಬಹುದು. ಗಾಬರಿಯಾದಾಗ ಹಳೆಯ ಅಭ್ಯಾಸವೇ ಮೇಲುಗೈ ಪಡೆಯುತ್ತದೆ. ಆಗ ತೋಳು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, 'ನಿಧಾನ, ಉಸಿರಾಡು' ಎಂದು ಕೈಸನ್ನೆ ಮಾಡುವವನೊಬ್ಬ ಎದುರಿಗಿದ್ದರೆ ಗಾಬರಿ ಅರ್ಧ ಇಳಿಯುತ್ತದೆ.

ಇಷ್ಟು ಮುಖ್ಯನಾದ ಮನುಷ್ಯ ಒಂಟಿಯಾಗಿ ಬಂದವನಿಗೆ ಸಿಗುವುದು ಎಲ್ಲಿ? ದೋಣಿಯಲ್ಲಿಯೇ, ಐದು ನಿಮಿಷದಲ್ಲಿ. ದಿಢೀರ್ ಕಾಫಿಯಂತೆ ದಿಢೀರ್ ಜೊತೆಗಾರ. ಸಾಮಾನ್ಯವಾಗಿ ಮೂರು ಬಗೆಯಲ್ಲಿ ಈ ಗಂಟು ಹಾಕುತ್ತಾರೆ. ಒಂದು, ದೋಣಿಯ ಮಾರ್ಗದರ್ಶಿಯೇ ಜೊತೆಗಾರನಾಗುವುದು. ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು ಇದೇ. ಆದರೆ ಅವನು ತನಗೊಬ್ಬನಿಗೇ ಜೊತೆಯೋ, ಇಡೀ ಗುಂಪಿಗೆ ಮುಂದಾಳೋ ಎಂದು ಕೇಳಿ ತಿಳಿಯಬೇಕು. ಐದಾರು ಜನರನ್ನು ಹಿಂದೆ ಕಟ್ಟಿಕೊಂಡು ಮುಂದೆ ಈಜುವವನು ದಾರಿ ತೋರಬಲ್ಲ, ಪ್ರತಿಯೊಬ್ಬನ ಪಕ್ಕದಲ್ಲಿ ಇರಲಾರ. ಎರಡು, ಹೀಗೆಯೇ ಒಂಟಿಯಾಗಿ ಬಂದ ಇನ್ನೊಬ್ಬರೊಡನೆ ಜೋಡಿ ಮಾಡುವುದು. ಇಬ್ಬರೂ ಹೊಸಬರಾದರೆ ಕುರುಡನ ಕೈಯನ್ನು ಕುರುಡ ಹಿಡಿದಂತೆ, ಆಗ ಮಾರ್ಗದರ್ಶಿ ಹತ್ತಿರವೇ ಇರಬೇಕೆಂದು ಒತ್ತಾಯಿಸುವುದು ತಪ್ಪಲ್ಲ. ಮೂರು, ಮೊದಲೇ ಜೊತೆಯಾಗಿ ಬಂದ ಇಬ್ಬರ ನಡುವೆ ಮೂರನೆಯವರಾಗಿ ಸೇರಿಸುವುದು. ಇದರಲ್ಲೊಂದು ಸೂಕ್ಷ್ಮವಿದೆ. ಆ ಇಬ್ಬರೂ ಪರಸ್ಪರ ನೋಡಿಕೊಳ್ಳುವುದು ರೂಢಿ. ಮೂರನೆಯವನನ್ನು ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಭಾವಿಸಿದರೆ, ಅವನನ್ನು ನೋಡುವವರು ಯಾರೂ ಇರುವುದಿಲ್ಲ.

ಅನುಭವಿ ಸಿಕ್ಕನೆಂದು ಹಿಗ್ಗುವಂತೆಯೂ ಇಲ್ಲ. ನೂರಾರು ಸಲ ಮುಳುಗಿದವನು ದೊಡ್ಡ ಕ್ಯಾಮರಾ ತಂದಿದ್ದರೆ ನೀರಿನಲ್ಲಿ ಅವನ ಜೊತೆಗಾರ ಮೀನೇ ಹೊರತು ಮನುಷ್ಯನಲ್ಲ! ಅವನ ಮೇಲೆ ಸಿಟ್ಟಾಗಿ ಫಲವಿಲ್ಲ, ಅವನೂ ರಜೆ ಹಾಕಿ ಹಣ ಕೊಟ್ಟು ಬಂದವನೇ. ದೋಣಿಯಲ್ಲಿರುವಾಗಲೇ 'ಚಿತ್ರ ತೆಗೆಯುವವರಿದ್ದೀರಾ?' ಎಂದು ಕೇಳಿ, ಹೌದೆಂದರೆ ಬೇರೆ ಜೊತೆ ಕೊಡಿ ಎಂದು ಮಾರ್ಗದರ್ಶಿಗೆ ಹೇಳಿದರೆ ಇಬ್ಬರಿಗೂ ಉಪಕಾರ.

ಇಲ್ಲಿಯೇ ನಮ್ಮವರಿಗೆ ನಿಜವಾದ ಕಷ್ಟ. ಕಡಲಿಗೆ ಹೆದರದವರೂ ಸಂಕೋಚಕ್ಕೆ ಸೋಲುತ್ತಾರೆ. ಪಟ್ಟಣದವರು, ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡುವವರು ತುಂಬಿದ ದೋಣಿಯಲ್ಲಿ 'ನಾನು ಹೊಸಬ, ನಾಲ್ಕೇ ಸಲ ಮುಳುಗಿದ್ದೇನೆ, ಅದೂ ಹೋದ ವರ್ಷ' ಎಂದು ಬಾಯಿಬಿಡುವುದು ಸುಲಭವಲ್ಲ. ಎಲ್ಲರೂ ಬಲ್ಲವರಂತೆ ಉಪಕರಣ ಕಟ್ಟಿಕೊಳ್ಳುತ್ತಿರುವಾಗ ತನ್ನದೊಂದು ಪಟ್ಟಿ ಎಲ್ಲಿಗೆ ಸಿಕ್ಕಿಸಬೇಕೆಂದು ಮರೆತುಹೋಗಿದೆ ಎಂದು ಕೇಳುವುದು ಅದಕ್ಕಿಂತ ಕಷ್ಟ. ಹುಡುಗಿಯೊಬ್ಬಳೇ ಬಂದಿದ್ದರೆ ಅಪರಿಚಿತರ ಮುಂದೆ ಇನ್ನಷ್ಟು ಬಿಗುಮಾನ. ಸುಮ್ಮನೆ ತಲೆಯಾಡಿಸಿಬಿಡುತ್ತಾರೆ. ನೆಲದ ಮೇಲೆ ಸಂಕೋಚದ ಬೆಲೆ ಹೆಚ್ಚೆಂದರೆ ಒಂದು ತಪ್ಪು ಬಸ್ಸು, 18 ಮೀಟರ್ ಆಳದಲ್ಲಿ ಅದರ ಬೆಲೆ ಬೇರೆ. ಪಕ್ಕದವನು ತನ್ನಷ್ಟೇ ಬಲ್ಲವನೆಂದು ನಂಬಿದ ಜೊತೆಗಾರ ಹಿಂದೆ ತಿರುಗಿ ನೋಡುವುದು ಕಡಿಮೆ. ಹೊಸಬನೆಂದು ತಿಳಿದರೆ ಹೆಚ್ಚು ನೋಡುತ್ತಾನೆ. ಮನುಷ್ಯರು ಸಾಮಾನ್ಯವಾಗಿ ಅಷ್ಟು ಒಳ್ಳೆಯವರೇ.

ಹೇಳಬೇಕಾದದ್ದು ಬಹಳವೇನಿಲ್ಲ. ಎಷ್ಟು ಸಲ ಮುಳುಗಿದ್ದು, ಕೊನೆಯದು ಯಾವಾಗ, ಯಾವುದಕ್ಕೆ ಭಯ, ಇಷ್ಟೇ. ಕೊನೆಯ ಮುಳುಗಿಗೆ ಹಲವು ತಿಂಗಳಾಗಿದ್ದರೆ ಮೊದಲು ಈಜುಕೊಳದಲ್ಲಿ ಒಂದು ಮರುಪಾಠ ಕೇಳಿ ಪಡೆಯುವುದು ವಿವೇಕ. ಆಸ್ತಮಾ, ಹೃದಯದ ತೊಂದರೆ, ಕಿವಿಯ ರೋಗ ಇದ್ದರೆ ಸಹಿಗೆಂದು ಕೊಡುವ ಆರೋಗ್ಯದ ಹಾಳೆಯಲ್ಲಿ ಮುಚ್ಚಿಡದೆ ಬರೆದು, ಮೊದಲೇ ವೈದ್ಯರನ್ನು ಕಂಡಿರಬೇಕು. ನೆಗಡಿಯಾಗಿದ್ದರೆ ಅಂದು ದೋಣಿಯಲ್ಲಿ ಕೂತು ಕಡಲು ನೋಡುವುದೇ ಸರಿ, ಯಾಕೆಂದರೆ ಮೂಗು ಹಿಡಿದು ಮೆಲ್ಲಗೆ ಊದಿದಾಗ ಕಿವಿಯೊಳಗಿನ ಒತ್ತಡ ಸಮವಾಗದಿದ್ದರೆ ಕಿವಿಯ ತಮಟೆಗೆ ಪೆಟ್ಟು.

ಆಮೇಲೆ ಒಪ್ಪಂದ. ಎಷ್ಟು ಆಳ, ಎಷ್ಟು ಹೊತ್ತು, ಸೂಜಿ ಎಲ್ಲಿಗೆ ಬಂದಾಗ ಹಿಂತಿರುಗುವುದು. ಅರ್ಧಕ್ಕೆ, ಅಂದರೆ 100 ಬಾರಿಗೆ, ಬಂದಾಗ ತಿಳಿಸುವುದು ಮತ್ತು 50 ಬಾರ್ ಉಳಿದಿರುವಂತೆ ಮೇಲೆ ಬರುವುದು ಹಲವು ಕಡೆಯ ವಾಡಿಕೆ. ಇಬ್ಬರಲ್ಲಿ ಯಾರ ಗಾಳಿ ಮೊದಲು ಇಳಿಯುತ್ತದೋ ಅವರ ಲೆಕ್ಕವೇ ಇಬ್ಬರ ಲೆಕ್ಕ. ಹೊಸಬನ ಗಾಳಿಯೇ ಮೊದಲು ಮುಗಿಯುವುದು ಖಂಡಿತ. ತನ್ನಿಂದ ಇನ್ನೊಬ್ಬರ ಸಂತೋಷ ಹಾಳಾಯಿತಲ್ಲ ಎಂದು ಸೂಜಿಯನ್ನು ಮುಚ್ಚಿಡುವುದು ಹೊಸಬರು ಮಾಡುವ ಕೆಟ್ಟ ಔದಾರ್ಯ.

ನೀರಿಗೆ ಹಾರುವ ಮುನ್ನ ಒಬ್ಬರ ಉಪಕರಣವನ್ನು ಇನ್ನೊಬ್ಬರು ಮುಟ್ಟಿ ನೋಡುವ ಪದ್ಧತಿಯೂ ಉಂಟು. ಗಾಳಿ ತುಂಬುವ ಜಾಕೆಟ್ಟು, ತೂಕದ ಪಟ್ಟಿ, ಬಿಚ್ಚುವ ಕೊಂಡಿಗಳು, ಗಾಳಿ, ಕೊನೆಗೊಮ್ಮೆ ಎಲ್ಲವೂ. ಸೂಜಿ ನೋಡುತ್ತಲೇ ನಾಲ್ಕು ಉಸಿರೆಳೆಯಬೇಕು. ಉಸಿರೆಳೆದಾಗ ಸೂಜಿ ಕುಸಿದು ಮತ್ತೆ ಏರಿದರೆ ಸಿಲಿಂಡರಿನ ಬಿರಡೆ ಪೂರ್ತಿ ತೆರೆದಿಲ್ಲವೆಂದು ಅರ್ಥ. ಮೇಲೆ ಇದು ಒಂದು ತಿರುವಿನ ಕೆಲಸ. ಬಿರಡೆ ಇರುವುದು ಬೆನ್ನ ಹಿಂದೆ, ಆದ್ದರಿಂದ ಆಳಕ್ಕೆ ಹೋದ ಮೇಲೆ ಅದನ್ನು ತಿರುಗಿಸಲು ಇನ್ನೊಬ್ಬರ ಕೈಯೇ ಬೇಕಾದೀತು.

ಸನ್ನೆಗಳನ್ನೂ ದೋಣಿಯಲ್ಲಿಯೇ ಒಮ್ಮೆ ಮಾಡಿ ನೋಡಬೇಕು. ನಮ್ಮಲ್ಲಿ ಹೆಬ್ಬೆರಳು ಎತ್ತಿದರೆ 'ಭೇಷ್' ಎಂದು. ನೀರಿನಲ್ಲಿ ಅದರ ಅರ್ಥ 'ಮೇಲೆ ಹೋಗೋಣ'! ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು, ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಮುಷ್ಟಿಯನ್ನು ಎದೆಗೆ ಹಿಡಿದರೆ ಗಾಳಿ ಕಡಿಮೆಯಾಗಿದೆ, ಅಂಗೈಯನ್ನು ಕತ್ತಿನ ಅಡ್ಡ ಎಳೆದರೆ ಗಾಳಿ ಮುಗಿದಿದೆ. ಜೊತೆಗಾರ ಕಾಣದೆ ಹೋದರೆ ಒಂದು ನಿಮಿಷ ಸುತ್ತ ನೋಡುವುದು, ಆಮೇಲೆ ಇಬ್ಬರೂ ನಿಧಾನವಾಗಿ ಮೇಲೆ ಬಂದು ಅಲ್ಲಿ ಕೂಡುವುದು. ಹುಡುಕುತ್ತ ಆಳಕ್ಕೆ ಹೋಗುವಂತಿಲ್ಲ.

ಕನ್ನಡದಲ್ಲಿ ಒಂದು ಗಾದೆಯಿದೆ: ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು. ಬದುಕಿನ ಬೇರೆ ಕಡೆಗಳಲ್ಲಿ ಅದು ಒಳ್ಳೆಯ ಮಾತಿರಬಹುದು, ಸ್ಕೂಬಾಕ್ಕೆ ಮಾತ್ರ ಒಗ್ಗದು. ಇಲ್ಲಿನ ನಿಯಮದ ಪ್ರಕಾರ ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆಯೇ ಮುಳುಗನ್ನು ನಿಲ್ಲಿಸಬಹುದು. ಹಣ ಕೊಟ್ಟಾಗಿದೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಾಗಿದೆ ಎಂಬ ಲೆಕ್ಕಕ್ಕೆ ಅಲ್ಲಿ ಬೆಲೆಯಿಲ್ಲ. ಹೆಬ್ಬೆರಳು ಎತ್ತಿದವನನ್ನು ಮೂದಲಿಸುವ ಜೊತೆಗಾರನೊಡನೆ ಎರಡನೆಯ ಸಲ ಇಳಿಯಬೇಕಾಗಿಯೂ ಇಲ್ಲ.

ಒಂಟಿ ಬಂದವರು ನೆನಪಿಡಬೇಕಾದ ಘಟನೆಯೊಂದು 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನಡೆಯಿತು. ಟಾಮ್ ಮತ್ತು ಐಲೀನ್ ಲೋನರ್ಗನ್ ಎಂಬ ಅಮೆರಿಕದ ದಂಪತಿ ಪ್ರವಾಸಿ ದೋಣಿಯಿಂದ ನೀರಿಗಿಳಿದಿದ್ದರು. ತಲೆ ಎಣಿಕೆ ತಪ್ಪಿ ದೋಣಿ ಅವರನ್ನು ಬಿಟ್ಟು ದಡಕ್ಕೆ ಮರಳಿತು. ಅವರು ಬಂದಿಲ್ಲವೆಂದು ಗೊತ್ತಾದದ್ದು ಎರಡು ದಿನಗಳ ಮೇಲೆ. ದಂಪತಿ ಮತ್ತೆ ಸಿಗಲೇ ಇಲ್ಲ. ಆ ನಂತರ ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಎಣಿಕೆಯ ನಿಯಮಗಳನ್ನು ಬಿಗಿ ಮಾಡಿದರು. ಗಂಡ ಹೆಂಡತಿ ಜೊತೆಯಾಗಿದ್ದೂ ಹೀಗಾಯಿತೆಂದರೆ, ಯಾರಿಗೂ ಹೆಸರು ಗೊತ್ತಿಲ್ಲದ ಒಂಟಿ ಪ್ರವಾಸಿಯ ಪಾಡೇನು? ದೋಣಿಯಲ್ಲಿ ಹೆಸರು ಕರೆದು ಹಾಜರಿ ತೆಗೆಯುತ್ತಾರೆಯೆ, ತುರ್ತಿಗೆ ಆಮ್ಲಜನಕ ಇದೆಯೆ ಎಂದು ಮುಂಗಡ ಕೊಡುವಾಗಲೇ ಕೇಳುವುದರಲ್ಲಿ ಅಧಿಕಪ್ರಸಂಗವೇನೂ ಇಲ್ಲ. ತಾನು ಎಲ್ಲಿಗೆ, ಯಾವ ದೋಣಿಯಲ್ಲಿ ಹೋಗುತ್ತಿದ್ದೇನೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂದು ಮನೆಯಲ್ಲೊಬ್ಬರಿಗಾದರೂ ಹೇಳಿರಬೇಕು. ಬೈದರೂ ಚಿಂತೆಯಿಲ್ಲ. ಬೈಯುವವರು ಸಂಜೆ ಫೋನಿಗೆ ಕಾಯುತ್ತಿರುತ್ತಾರೆ.

ಮುಳುಗಿ ಎದ್ದ ಮೇಲೂ ತುಮಕೂರು ಸೀಮೆಯವರಿಗೆ ಇನ್ನೊಂದು ಮಾತು ಉಳಿಯುತ್ತದೆ. ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲೂ ಮಾಂಸದಲ್ಲೂ ಕರಗಿ ಸೇರುತ್ತದೆ. ಮೇಲೆ ಬಂದ ನಂತರ ಗಂಟೆಗಟ್ಟಲೆ ನಿಧಾನವಾಗಿ ಹೊರಟುಹೋಗುತ್ತದೆ. ಅಷ್ಟರೊಳಗೆ ಸುತ್ತಲಿನ ಒತ್ತಡ ಇನ್ನೂ ಇಳಿದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಿ ಆಗುವಂತೆ ಮೈಯೊಳಗೆ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಲಕ್ವದ ತನಕ ಅದರ ಪರಿಣಾಮ. ಬ್ರಿಟನ್ನಿನ ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ ಹಂತಹಂತವಾಗಿ ಮೇಲೆ ಬರುವ ಲೆಕ್ಕವನ್ನು 1908ರಲ್ಲಿಯೇ ಪ್ರಕಟಿಸಿದ್ದ. ಒಂದೇ ಸಲ ಮುಳುಗಿದವರು 12 ಗಂಟೆ, ಹೆಚ್ಚು ಸಲ ಮುಳುಗಿದವರು 18 ಗಂಟೆ ಕಳೆಯದೆ ವಿಮಾನ ಹತ್ತಬಾರದು ಎಂಬ ಇಂದಿನ ಸಲಹೆ ಇದೇ ಭಯದ್ದು. ವಿಮಾನದೊಳಗಿನ ಒತ್ತಡ ಸುಮಾರು 600 ಮೀಟರಿನಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ ಎಂಬ ಲೆಕ್ಕದ ಮೇಲೆ ಈ ಸಲಹೆ ನಿಂತಿದೆ.

ವಿಮಾನ ಹತ್ತದವರಿಗೆ ಇದರ ಗೊಡವೆ ಏಕೆ ಎನ್ನಿಸಬಹುದು. ಆದರೆ ತುಮಕೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ! ಮಧ್ಯಾಹ್ನ ಒಂದು ಗಂಟೆಗೆ ನೀರಿನಿಂದ ಎದ್ದು, ಸಂಜೆ ಏಳರ ಬಸ್ಸು ಹಿಡಿದು ಘಟ್ಟ ಹತ್ತಿದವನು ವಿಮಾನದ ಮೆಟ್ಟಿಲು ಹತ್ತಿದಂತೆಯೇ ಆಯಿತು. ತರಬೇತುದಾರನ ಕೈಹಿಡಿದು ಸ್ವಲ್ಪ ಹೊತ್ತು ಕಡಿಮೆ ಆಳಕ್ಕೆ ಹೋಗಿಬಂದವರ ಮೈಯಲ್ಲಿ ಸೇರುವ ಸಾರಜನಕ ಕಡಿಮೆ. ಕಾರ್ಡು ಹಿಡಿದು ಎರಡು ಸಲ 18 ಮೀಟರಿಗೆ ಇಳಿದವರ ವಿಷಯ ಹಾಗಲ್ಲ. ಕರಾವಳಿಯವರು ಈ ಎಚ್ಚರಿಕೆಯನ್ನು ತಾವಾಗಿ ಹೇಳಲಿಕ್ಕಿಲ್ಲ, ಅವರ ಮನೆ ಇರುವುದು ಕಡಲಿನ ಮಟ್ಟದಲ್ಲಿಯೇ. ಘಟ್ಟದ ಮೇಲಿನಿಂದ ಹೋದವರು ತಾವೇ ಲೆಕ್ಕ ಹಾಕಿ, ಶನಿವಾರ ಮುಳುಗಿ, ಆ ರಾತ್ರಿ ಮುರುಡೇಶ್ವರದಲ್ಲಿಯೇ ಉಳಿದು, ಭಾನುವಾರ ಹೊರಡುವಂತೆ ಪ್ರಯಾಣ ಗೊತ್ತುಮಾಡಬೇಕು. ಹೋದವರು ಒಬ್ಬರೇ ಆಗಿದ್ದರಂತೂ ರಾತ್ರಿ ಬಸ್ಸಿನಲ್ಲಿ ಮೈ ಜೋಮು ಹಿಡಿದರೆ ಕಾರಣ ಊಹಿಸಬಲ್ಲವರು ಪಕ್ಕದ ಸೀಟಿನಲ್ಲಿ ಇರುವುದಿಲ್ಲ.

ಹಾಗೆ ಉಳಿದ ಸಂಜೆಗೂ ಒಂದು ಕೆಲಸವಿದೆ. ಮುಳುಗುಗಾರರು ಪ್ರತಿ ಸಲದ ಆಳ, ಹೊತ್ತು, ಉಳಿದ ಗಾಳಿ, ಕಂಡ ಮೀನು ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಪುಟದ ಕೆಳಗೆ ಜೊತೆಗಾರನ ಸಹಿಗೆ ಜಾಗವಿರುತ್ತದೆ. ಬೆಳಿಗ್ಗೆ ಹೆಸರೂ ಗೊತ್ತಿಲ್ಲದಿದ್ದ ಮನುಷ್ಯ ಅಲ್ಲಿ ರುಜು ಹಾಕುತ್ತಾನೆ. ಮುಂದಿನ ಸಲ ದೋಣಿ ಹತ್ತುವಾಗ ಅವನೂ ಬರುತ್ತಾನೋ ಇಲ್ಲವೋ. ಬರದಿದ್ದರೆ ಇನ್ನೊಬ್ಬ ಅಪರಿಚಿತನ ಮುಂದೆ ಕೂತು 'ನಾನು ಐದೇ ಸಲ ಮುಳುಗಿದ್ದೇನೆ' ಎಂದು ಮತ್ತೆ ಮೊದಲಿನಿಂದ ಹೇಳಬೇಕು. ಅಷ್ಟು ಹೇಳಲು ಕಲಿತವರು ಒಂಟಿಯಾಗಿ ಹೋಗಿಬರಬಹುದು.